ಅಜ್ಜಿಯ ಊರಿನಿಂದ ಹುಡುಕಿ: ಸರ್ಕಾರಿ ದಾಖಲೆಗಳಲ್ಲಿ ನಮ್ಮ ಮನೆತನ

(ಶಿರಸಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ವಂಶವೃಕ್ಷ ಇದೆ. ಕೆಲವರು ಅದಕ್ಕೆ ಚೌಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದ್ದೀರಿ. ಏಳೆಂಟು ತಲೆಮಾರು ಹಿಂದಕ್ಕೆ ಹೋಗುವ ಪಟ್ಟಿಗಳನ್ನು ಈ ಸುತ್ತಿನ ಮನೆಗಳಲ್ಲಿ ನಾನು ನೋಡಿದ್ದೇನೆ. ಅಂಥ ಪಟ್ಟಿಯಲ್ಲಿ ಎಷ್ಟು ಹೆಂಗಸರ ಹೆಸರಿದೆ? ನಿಮ್ಮ ಅಪ್ಪನ ಅಜ್ಜಿಯ ಹೆಸರೇನು? ಅವಳ ತವರು ಯಾವುದು? ಇಲ್ಲಿ ಕೂತವರಲ್ಲಿ ಇದಕ್ಕೆ ತಟ್ಟನೆ ಉತ್ತರ ಹೇಳಬಲ್ಲವರು ಕಡಿಮೆ. ಇದು ಯಾರದ್ದೂ ತಪ್ಪಲ್ಲ. ಗಂಡಸರ ಹೆಸರನ್ನಷ್ಟೇ ಬರೆದಿಡುವ ರೂಢಿಯಲ್ಲಿ ನಾವೆಲ್ಲ ಬೆಳೆದಿದ್ದೇವೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಜನನ ಮರಣ ದಾಖಲೆಗಳಲ್ಲಿ ಮನೆತನ ಹುಡುಕುವವರು ಅಜ್ಜನ ಹೆಸರು ಹಿಡಿದು ಹೊರಟರೆ ಬೇಗ ಸಿಕ್ಕಿಹಾಕಿಕೊಳ್ಳುತ್ತಾರೆ. ಅಜ್ಜಿಯ ಊರು ಹಿಡಿದು ಹೊರಟರೆ ಮುಂದೆ ಹೋಗುತ್ತಾರೆ. ಇದಕ್ಕೆ ಕಾರಣ ಆ ದಾಖಲೆಗಳನ್ನು ಬರೆದಿಟ್ಟ ರೀತಿಯಲ್ಲೇ ಇದೆ.

ಜನನ ರಿಜಿಸ್ಟರ್ ಎಂದರೆ ಕುಟುಂಬದ ಪುಸ್ತಕ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಅದು ಊರಿನ ಪುಸ್ತಕ. ಮಗು ಎಲ್ಲಿ ಹುಟ್ಟಿತೋ ಅಲ್ಲಿ ನೋಂದಣಿ. ಮನುಷ್ಯ ಎಲ್ಲಿ ತೀರಿಕೊಂಡನೋ ಅಲ್ಲಿ ನೋಂದಣಿ. ಅವನ ಮನೆ, ಜಮೀನು, ರೇಷನ್ ಕಾರ್ಡು ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ಒಂದೊಂದು ಊರಿಗೆ, ಒಂದೊಂದು ವರ್ಷಕ್ಕೆ ಪುಸ್ತಕ. ಒಳಗೆ ಬರೆಯುವುದು ನೋಂದಣಿಗೆ ಬಂದ ಸರದಿಯಲ್ಲಿ. ಹಾಗಾಗಿ ರೆಕಾರ್ಡ್ ರೂಮಿನಲ್ಲಿ ನಿಂತು ‘ಹೆಗಡೆ ಮನೆತನದ್ದು ಕೊಡಿ’ ಎಂದರೆ ಅಲ್ಲಿರುವವರು ಏನೂ ಮಾಡಲಾರರು. ‘ಇಂಥ ಊರು, ಇಂಥ ವರ್ಷ, ಇಂಥ ತಿಂಗಳ ಆಸುಪಾಸು’ ಎಂದರೆ ಪುಸ್ತಕ ಮೇಜಿನ ಮೇಲೆ ಬರುತ್ತದೆ.

ಈಗ ನೀವೇ ಯೋಚಿಸಿ. ನಮ್ಮ ಕಡೆ ಚೊಚ್ಚಲ ಹೆರಿಗೆ ಎಲ್ಲಿ ಆಗುತ್ತಿತ್ತು? ತವರಿನಲ್ಲಿ. ಏಳು ತಿಂಗಳು ತುಂಬಿದ ಮೇಲೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಅವಳು ಗಂಡನ ಮನೆಗೆ ಬರುತ್ತಿದ್ದಳು. ಅಂದರೆ ಶಿರಸಿ ತಾಲೂಕಿನ ಮನೆಯ ಹಿರಿಯ ಮಗ ಹುಟ್ಟಿದ್ದು ಕುಮಟಾ ತಾಲೂಕಿನ ಅಜ್ಜನಮನೆಯಲ್ಲಿ ಆಗಿರಬಹುದು. ಅವನ ಜನನ ಇರುವುದು ಕುಮಟಾ ಕಡೆಯ ಪುಸ್ತಕದಲ್ಲಿ. ಶಿರಸಿಯ ಪುಸ್ತಕವನ್ನು ನೂರು ಸಲ ತಿರುವಿದರೂ ಅವನು ಸಿಗುವುದಿಲ್ಲ. ಸಿಗಲಿಲ್ಲ ಎಂದ ತಕ್ಷಣ ನಾವು ಏನು ಹೇಳುತ್ತೇವೆ? ‘ಆ ಕಾಲದಲ್ಲಿ ಯಾರೂ ಬರೆಸುತ್ತಿರಲಿಲ್ಲ ಬಿಡಿ.’ ಎಷ್ಟೋ ಸಲ ಬರೆಸಿರುತ್ತಾರೆ. ನಾವು ಬೇರೆ ಊರಿನಲ್ಲಿ ಹುಡುಕುತ್ತಿರುತ್ತೇವೆ, ಅಷ್ಟೇ.

ಕಿರಿಯ ಮಕ್ಕಳ ಜನನ ಗಂಡನ ಊರಿನಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಎರಡನೆಯದ್ದೋ ಮೂರನೆಯದ್ದೋ ಹೆರಿಗೆ ಹೊತ್ತಿಗೆ ತವರಿನಲ್ಲಿ ತಾಯಿ ಇರುವುದಿಲ್ಲ, ಅಥವಾ ಇಲ್ಲಿ ತೋಟದ ಕೆಲಸ ಬಿಟ್ಟು ಹೋಗಲು ಆಗುವುದಿಲ್ಲ. ಆದ್ದರಿಂದ ಅಜ್ಜನ ತಾಯಿಯ ತವರೂರು ಗೊತ್ತಿಲ್ಲ ಎನ್ನುವವರು ಅಜ್ಜನ ತಮ್ಮ ತಂಗಿಯರನ್ನು ಮೊದಲು ಗಂಡನ ಊರಿನ ಪುಸ್ತಕದಲ್ಲಿ ಹುಡುಕಿ. ಅಲ್ಲಿ ತಾಯಿಯ ಹೆಸರು ಸಿಕ್ಕರೆ ಮುಂದಿನ ದಾರಿ ಸಲೀಸು.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಈಗ ನಡೆಯುತ್ತಿರುವುದು 1969ರ ಜನನ ಮರಣ ನೋಂದಣಿ ಕಾಯ್ದೆ. ನಮ್ಮ ರಾಜ್ಯದಲ್ಲಿ 1970ರ ಏಪ್ರಿಲ್‌ನಿಂದ ಜಾರಿ. 21 ದಿನದೊಳಗೆ ಬರೆಸಬೇಕು. ಇದರ 17ನೇ ಕಲಮು ನಮಗೆ ಬಹಳ ಮುಖ್ಯ. ನಿಯಮದ ಪ್ರಕಾರ ಶುಲ್ಕ ಕಟ್ಟಿದರೆ ರಿಜಿಸ್ಟರಿನಲ್ಲಿ ಹುಡುಕಿಸಿ ಉತಾರ, ಅಂದರೆ ಆ ನಮೂದಿನ ನಕಲು, ಪಡೆಯಬಹುದು ಎಂದು ಅದು ಹೇಳುತ್ತದೆ. ಸಾವಿನ ಕಾರಣವನ್ನು ಮಾತ್ರ ಉತಾರದಲ್ಲಿ ಕೊಡುವಂತಿಲ್ಲ. ದಾಖಲೆ ಇಲ್ಲದಿದ್ದರೆ ಇಲ್ಲ ಎಂದು ಬರೆದುಕೊಡುವ ಅಲಭ್ಯ ಪ್ರಮಾಣಪತ್ರವೂ ಇದೆ. ಅದನ್ನೂ ಪಡೆದಿಟ್ಟುಕೊಳ್ಳಿ. ಇಂಥ ಊರಿನಲ್ಲಿ, ಇಂಥ ವರ್ಷದಲ್ಲಿ ಇಲ್ಲ ಎಂಬುದು ಕೂಡ ಒಂದು ಮಾಹಿತಿ. ಮುಂದೆ ನಿಮ್ಮ ಮಕ್ಕಳು ಅದೇ ಪುಸ್ತಕವನ್ನು ಮತ್ತೆ ಹುಡುಕುವುದು ತಪ್ಪುತ್ತದೆ.

1970ಕ್ಕಿಂತ ಮುಂಚೆಯೂ ಬರೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಪಟೇಲರು, ಶಾನುಭೋಗರು ಹುಟ್ಟು ಸಾವಿನ ಲೆಕ್ಕ ಇಡುತ್ತಿದ್ದರು. ಆದರೆ ಅದು ಸರ್ಕಾರಕ್ಕೆ ರೋಗರುಜಿನದ ಅಂಕಿ ಕೊಡುವುದಕ್ಕೆ ಇಟ್ಟ ಲೆಕ್ಕ. ಅದರಲ್ಲಿ ಮಗುವಿನ ಹೆಸರು ಇರುವುದೇ ಅಪರೂಪ. ನಾಮಕರಣಕ್ಕೆ ಮೊದಲೇ ಬರೆಸಿದ ಮೇಲೆ ಹೆಸರು ಎಲ್ಲಿಂದ ಬರಬೇಕು? ‘ಗಂಡು’ ಅಥವಾ ‘ಹೆಣ್ಣು’, ತಂದೆಯ ಹೆಸರು, ತಾರೀಕು. ಅಷ್ಟಕ್ಕೆ ತೃಪ್ತಿಪಡಬೇಕು. ಹೆಸರಿನ ಕಾಲಂ ಖಾಲಿ ಇದ್ದರೆ ಮುಂದಿನ ಪುಟಕ್ಕೆ ಹಾರಬೇಡಿ. ತಂದೆಯ ಹೆಸರು, ತಾರೀಕು ಹೊಂದಿದರೆ ಅದು ನಿಮ್ಮ ಅಜ್ಜನೇ ಆಗಿರಬಹುದು.

ಇನ್ನು ಒಂದು ನಮೂದನ್ನು ಓದುವುದು ಹೇಗೆ ಎಂದು ನೋಡೋಣ. ಮರಣದ ನಮೂದನ್ನೇ ತೆಗೆದುಕೊಳ್ಳಿ. ತೀರಿಕೊಂಡವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ತಾರೀಕು, ಸ್ಥಳ. ಇಷ್ಟನ್ನು ಎಲ್ಲರೂ ಬರೆದುಕೊಂಡು ಬರುತ್ತಾರೆ. ಕೊನೆಯಲ್ಲಿ ಇನ್ನೊಂದು ಕಾಲಂ ಇದೆ, ಮಾಹಿತಿ ಕೊಟ್ಟವರ ಹೆಸರು ಮತ್ತು ವಿಳಾಸ. ಅದನ್ನು ಯಾರೂ ನೋಡುವುದಿಲ್ಲ. ನನಗಂತೂ ಇಡೀ ಸಾಲಿನಲ್ಲಿ ಅದೇ ಅತ್ಯಂತ ಬೆಲೆಬಾಳುವ ಜಾಗ. ಮನೆಯಲ್ಲಿ ಸಾವಾದಾಗ ಮಕ್ಕಳು ಕ್ರಿಯೆಗೆ ಕೂತಿರುತ್ತಾರೆ. ಕಚೇರಿಗೆ ಹೋಗಿ ಬರೆಸಿ ಬರುವವರು ಯಾರು? ಅಳಿಯ, ಭಾವ, ಸೋದರಳಿಯ, ಇಲ್ಲವೇ ತವರಿನ ಕಡೆಯವರು. ಅವರ ಅಡ್ಡಹೆಸರು ಬೇರೆ, ಊರು ಬೇರೆ. ‘ಇವರು ಯಾರು, ನಮ್ಮ ಮನೆಯ ಸಾವನ್ನು ಇವರೇಕೆ ಬರೆಸಿದರು?’ ಎಂದು ವಿಚಾರಿಸುತ್ತಾ ಹೋದರೆ ಮದುವೆಯಾಗಿ ಹೋದ ಮಗಳೊಬ್ಬಳ ಮನೆ ಸಿಗುತ್ತದೆ. ವಂಶವೃಕ್ಷದಲ್ಲಿ ಬಿಟ್ಟುಹೋದ ಮಗಳು ಆ ಕಾಲಂನಲ್ಲಿ ತನ್ನ ಗಂಡನ ಹೆಸರಿನ ಹಿಂದೆ ಇರುತ್ತಾಳೆ.

ಹೆಸರುಗಳ ವಿಷಯಕ್ಕೆ ಬರೋಣ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ನಮ್ಮ ಹೆಸರಿನ ಪದ್ಧತಿಯೂ ಆ ಕಡೆಯದ್ದೇ. ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಒಂದೇ ಹೆಸರಿನಲ್ಲಿ ಎರಡು ತಲೆಮಾರು ಸಿಗುತ್ತದೆ.

ಕಷ್ಟವೂ ಅಲ್ಲೇ ಇದೆ. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ರೂಢಿ ಅಲ್ವಾ? ಉದಾಹರಣೆಗೆ, ಗಣಪತಿ ಸುಬ್ರಾಯ ಹೆಗಡೆ. ಅವರ ಮಗ ಸುಬ್ರಾಯ ಗಣಪತಿ ಹೆಗಡೆ. ಅವರ ಮಗ ಮತ್ತೆ ಗಣಪತಿ ಸುಬ್ರಾಯ ಹೆಗಡೆ. ನೂರೈವತ್ತು ವರ್ಷ ಇವೆರಡೇ ಹೆಸರು ತಿರುಗುತ್ತಾ ಇರುತ್ತವೆ. ಅದೇ ಊರಿನಲ್ಲಿ ದಾಯಾದಿಗಳ ಮನೆಯಲ್ಲೂ ಅದೇ ಹೆಸರು, ಯಾಕೆಂದರೆ ಮೂಲ ಅಜ್ಜ ಒಬ್ಬನೇ. ಗಣಪತಿ ಸುಬ್ರಾಯ ಹೆಗಡೆ ಎಂಬುವರ ಮರಣ ದಾಖಲೆ ಸಿಕ್ಕಿತು ಎಂದು ಖುಷಿಪಡುವ ಮೊದಲು, ಇವರು ಯಾವ ಗಣಪತಿ ಎಂದು ಕೇಳಿಕೊಳ್ಳಬೇಕು. ವಯಸ್ಸು ನೋಡಿ ತೀರ್ಮಾನಿಸೋಣ ಎಂದರೆ, ಹಳೆಯ ನಮೂದುಗಳಲ್ಲಿ ವಯಸ್ಸು ಅಂದಾಜಿನದು. ಅರವತ್ತು, ಎಪ್ಪತ್ತು, ಎಂಬತ್ತು ಎಂದು ಸುಮ್ನೆ ಬರೆದುಬಿಡುತ್ತಿದ್ದರು.

ಹಾಗಾದರೆ ಈ ಗಣಪತಿ ಆ ಗಣಪತಿಯಲ್ಲ ಎಂದು ಯಾರು ಹೇಳುತ್ತಾರೆ? ಹೆಂಡತಿ ಹೇಳುತ್ತಾಳೆ, ತಾಯಿ ಹೇಳುತ್ತಾಳೆ. ಗಂಡಸರ ಹೆಸರು ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುತ್ತದೆ. ಸೊಸೆಯಂದಿರು ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮನೆತನದಿಂದ ಬರುತ್ತಾರೆ. ಅವರಿಂದಲೇ ಒಂದು ತಲೆಮಾರನ್ನು ಇನ್ನೊಂದರಿಂದ ಬಿಡಿಸಲು ಆಗುವುದು.

ಹೆಂಗಸರ ಹೆಸರಲ್ಲಿ ಎರಡು ಎಚ್ಚರಿಕೆ ಬೇಕು. ಗಂಗಾ ಗಣಪತಿ ಹೆಗಡೆ ಎಂದಿದ್ದರೆ ಅವಳು ಗಣಪತಿಯ ಮಗಳೂ ಆಗಿರಬಹುದು, ಹೆಂಡತಿಯೂ ಆಗಿರಬಹುದು. ನಡುವಿನ ಹೆಸರು ಮದುವೆಗೆ ಮೊದಲು ತಂದೆಯದು, ಆಮೇಲೆ ಗಂಡನದು. ‘ಕೋಂ’ ಎಂದು ಬರೆದಿದ್ದರೆ ಹೆಂಡತಿ, ಅನುಮಾನವಿಲ್ಲ. ಬರೆದಿಲ್ಲದಿದ್ದರೆ ಬೇರೆ ಕಾಗದ ನೋಡಲೇಬೇಕು. ಎರಡನೆಯದು, ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುವ ಪದ್ಧತಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇತ್ತು. ತವರಿನ ಪುಸ್ತಕದಲ್ಲಿ ಒಂದು ಹೆಸರು, ಗಂಡನ ಊರಿನ ಪುಸ್ತಕದಲ್ಲಿ ಇನ್ನೊಂದು. ಎರಡನ್ನೂ ತಿಳಿದವರು ಮನೆಯಲ್ಲಿ ಯಾರಾದರೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಆ ಗಂಟನ್ನು ಯಾವ ಸರ್ಕಾರಿ ಕಾಗದವೂ ಬಿಡಿಸುವುದಿಲ್ಲ.

ಮರಣದ ತಾರೀಕಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಸಾಕ್ಷಿ ಇದೆ, ಶ್ರಾದ್ಧದ ತಿಥಿ. ಅಜ್ಜ ತೀರಿಕೊಂಡ ಇಸವಿ ಯಾರಿಗೂ ನೆನಪಿರುವುದಿಲ್ಲ. ಭಾದ್ರಪದ ಬಹುಳ ಪಂಚಮಿ ಎಂಬುದು ಮಾತ್ರ ಮನೆಮಂದಿಗೆಲ್ಲ ಗೊತ್ತು, ಪ್ರತಿ ವರ್ಷ ಮಾಡುತ್ತಾರಲ್ಲ. ರಿಜಿಸ್ಟರಿನಲ್ಲಿ ಸಿಕ್ಕ ಇಂಗ್ಲಿಷ್ ತಾರೀಕನ್ನು ಆ ವರ್ಷದ ಪಂಚಾಂಗದ ಜೊತೆ ಇಟ್ಟು ನೋಡಿ. ತಿಥಿ ಕೂಡಿ ಬಂದರೆ ಅದು ನಿಮ್ಮವರೇ ಎಂದು ಬಹುಮಟ್ಟಿಗೆ ನಂಬಬಹುದು. ಒಂದೆರಡು ದಿನ ಹಿಂದೆ ಮುಂದೆ ಇದ್ದರೂ ಕೈಬಿಡಬೇಡಿ, ಬರೆಸಲು ಹೋದವರು ದಿನ ತಪ್ಪಿ ಹೇಳಿರಬಹುದು. ತಿಂಗಳೇ ಬೇರೆಯಾದರೆ ಅವರು ಬೇರೆ ಗಣಪತಿ. ಇದನ್ನು ತೋರಿಸಿಕೊಟ್ಟಾಗ ಹಿರಿಯರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ತಾವು ಇಷ್ಟು ವರ್ಷ ಬಿಡದೆ ಮಾಡಿಕೊಂಡು ಬಂದದ್ದು ಮನೆಯ ಚರಿತ್ರೆಯನ್ನೂ ಕಾಪಾಡಿದೆ ಎಂದು ಅವರಿಗೆ ಆಗ ಅನಿಸುತ್ತದೆ.

ಕೆಲವು ಮನೆಗಳಲ್ಲಿ ಒಂದೇ ತಿಂಗಳಲ್ಲಿ ಮೂರು ನಾಲ್ಕು ತಿಥಿ ಬರುತ್ತವೆ. ಅದೂ ಆಶ್ವೀಜದಲ್ಲಿ ಬಂದರೆ 1918ನ್ನು ನೆನಪಿಗೆ ತಂದುಕೊಳ್ಳಿ. ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯವನ್ನು ಹಿಂಡಿದ್ದು ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಳೆಯ ಊರಿನ ಪುಸ್ತಕಗಳಲ್ಲಿ ಸಾವಿನ ಕಾರಣ ಹೆಚ್ಚಾಗಿ ‘ಜ್ವರ’ ಎಂದಿರುತ್ತದೆ. ಹಾಗೆಂದು ಎಲ್ಲ ಜ್ವರವೂ ಇನ್‌ಫ್ಲುಯೆಂಜಾ ಅಲ್ಲ. ಘಟ್ಟದ ಮೇಲೆ ಸೂಪಾ, ಹಳಿಯಾಳ, ಯಲ್ಲಾಪುರದ ಕಡೆ ಮಲೇರಿಯಾ ಊರಿಗೆ ಊರನ್ನೇ ಖಾಲಿ ಮಾಡಿಸಿತ್ತು. 1946ರ ಸುಮಾರಿಗೆ ಕೆನರಾ (ಅಂದರೆ ನಮ್ಮ ಜಿಲ್ಲೆ) ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿಡಿಟಿ ಹೊಡೆಯಲು ಶುರುಮಾಡಿದ ಮೇಲೆ ಜನ ಉಸಿರುಬಿಟ್ಟರು. ನಿಮ್ಮ ಮನೆತನ ಆ ಕಡೆಯಿಂದ ಎದ್ದು ಬಂದದ್ದಾದರೆ ಕಾರಣ ಹುಡುಕಿಕೊಂಡು ತುಂಬ ದೂರ ಹೋಗಬೇಕಿಲ್ಲ.

ಇತ್ತೀಚಿನ ಸಾವುಗಳ ವಿಷಯದಲ್ಲೂ ಊರಿನ ಪ್ರಶ್ನೆಯೇ ಬರುತ್ತದೆ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡಬೇಕಾಗಿದೆ. ಅಲ್ಲಿ ತೀರಿಕೊಂಡರೆ ದಾಖಲೆಯೂ ಅಲ್ಲೇ. ಶವ ಊರಿಗೆ ಬಂದು ಇಲ್ಲೇ ಸಂಸ್ಕಾರವಾದರೂ ಹಾಗೇ. ಮುಂಬಯಿಗೆ ಕೆಲಸಕ್ಕೆ ಹೋದವರ ಮಕ್ಕಳದ್ದು ಅಲ್ಲಿಯ ಪಾಲಿಕೆಯಲ್ಲಿ.

ಕಾರವಾರದವರಿಗೆ ಗೋವಾದ ಮಾತು ಬೇರೆಯೇ ಇದೆ. ಕಾಣಕೋಣದ ಕಡೆಯಿಂದ ಹೆಣ್ಣು ತಂದ, ಆ ಕಡೆಗೆ ಹೆಣ್ಣು ಕೊಟ್ಟ ಮನೆಗಳು ಮಾಜಾಳಿ, ಸದಾಶಿವಗಡದ ಸುತ್ತ ಎಷ್ಟಿಲ್ಲ? ಅಂಥವರ ಅದೃಷ್ಟ ದೊಡ್ಡದು. ಪೋರ್ಚುಗೀಸರು 1910ರ ದಶಕದಲ್ಲೇ ಅಲ್ಲಿ ಎಲ್ಲ ಧರ್ಮದವರಿಗೂ ಜನನ, ಮದುವೆ, ಮರಣದ ನೋಂದಣಿ ಕಡ್ಡಾಯ ಮಾಡಿದ್ದರು. ಮದುವೆಯ ದಾಖಲೆ ನಮ್ಮ ಕಡೆ ಹಳೆಯದು ಸಿಗುವುದೇ ಇಲ್ಲ ಎನ್ನಬೇಕು. ಗೋವಾದಲ್ಲಿ ಸಿಗುತ್ತದೆ. ಭಾಷೆ ಪೋರ್ಚುಗೀಸ್, ಹೆಸರಿನ ಕಾಗುಣಿತವೂ ಅವರದ್ದೇ. ‘ಶ’ ಸದ್ದಿಗೆ ಅವರು ಎಕ್ಸ್ ಅಕ್ಷರ ಬರೆಯುತ್ತಿದ್ದರು. ಶಾಂತಾ ಎಂಬ ಅಜ್ಜಿಯನ್ನು ಎಸ್ ಅಕ್ಷರದ ಕೆಳಗೆ ಹುಡುಕಿದರೆ ಸಿಗುವುದು ಕಷ್ಟ, ಎಕ್ಸ್ ಕೆಳಗೆ ನೋಡಿ. ‘ಕ’ ಇರುವ ಹೆಸರುಗಳನ್ನು ಸಿ ಅಕ್ಷರದ ಕೆಳಗೂ ನೋಡಿ. ಕ್ರಿಶ್ಚಿಯನ್ ಬಂಧುಗಳಿಗೆ ಇಗರ್ಜಿಯ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. ಭಟ್ಕಳದ ಕಡೆಯವರು ಜಮಾತಿನ ನಿಕಾಹ್ ಪುಸ್ತಕ ಕೇಳಬಹುದು. ಅವು ಸರ್ಕಾರದವಲ್ಲ. ಆದರೆ ಹೆಂಗಸರ ಹೆಸರಿನ ಮಟ್ಟಿಗೆ ಎಷ್ಟೋ ಸಲ ಸರ್ಕಾರದ ಪುಸ್ತಕಕ್ಕಿಂತ ಉದಾರ.

ಊರು ಹುಡುಕುವಾಗ ನಾವು ಬಾಯಲ್ಲಿ ಹೇಳುವ ಹೆಸರು ಬೇರೆ, ದಾಖಲೆಯ ಊರು ಬೇರೆ ಎಂಬುದು ನೆನಪಿರಲಿ. ನಮ್ಮಲ್ಲಿ ನಾಲ್ಕು ಮನೆಗೊಂದು ಹೆಸರು. ಅವೆಲ್ಲ ಒಂದು ಕಂದಾಯ ಗ್ರಾಮದ ಮಜರೆಗಳು. ಪುಸ್ತಕ ಇರುವುದು ಕಂದಾಯ ಗ್ರಾಮದ ಹೆಸರಿನಲ್ಲಿ. ಪಹಣಿ ಕೈಯಲ್ಲಿದ್ದರೆ ಗ್ರಾಮದ ಹೆಸರು, ಹೋಬಳಿ ಎರಡೂ ಅದರಲ್ಲೇ ಇವೆ. ತಾಲೂಕುಗಳೂ ಬದಲಾಗಿವೆ. ಭಟ್ಕಳ ಒಂದು ಕಾಲಕ್ಕೆ ಹೊನ್ನಾವರಕ್ಕೆ ಸೇರಿತ್ತು.

ಶಾಲೆಯ ದಾಖಲಾತಿ ಪುಸ್ತಕದ ಬಗ್ಗೆ ಎರಡೇ ಮಾತು. ತಂದೆಯ ಹೆಸರು, ಊರು, ಉದ್ಯೋಗ, ಯಾವ ಶಾಲೆಯಿಂದ ಬಂದ ಎಂಬುದಕ್ಕೆ ಅದು ಚೆನ್ನಾಗಿದೆ. ಹುಟ್ಟಿದ ದಿನಕ್ಕೆ ನೆಚ್ಚಬೇಡಿ. ಜೂನ್ 1ರಂದೇ ಹುಟ್ಟಿದವರು ನಮ್ಮ ಹಿರಿಯರಲ್ಲಿ ಎಷ್ಟು ಜನ! ಶಾಲೆಗೆ ಸೇರಿಸುವಾಗ ಮಾಸ್ತರರು ವಯಸ್ಸು ಹೊಂದಿಸಿ ಬರೆದ ದಿನ ಅದು. ತಡವಾಗಿ ಬರೆಸಿದ ಜನನಗಳದ್ದೂ ಹೀಗೇ. ವರ್ಷ ದಾಟಿದ ಮೇಲೆ ಬರೆಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪಾಸ್‌ಪೋರ್ಟಿಗೋ ಪಿಂಚಣಿಗೋ ಬೇಕಾಗಿ ಐವತ್ತನೇ ವಯಸ್ಸಿನಲ್ಲಿ ಆದೇಶ ತಂದು ಬರೆಸಿದವರಿದ್ದಾರೆ. ಅಂಥ ನಮೂದು ಬರೆಸಿದ ವರ್ಷದ ಪುಸ್ತಕದಲ್ಲಿರುತ್ತದೆ. ತಾರೀಕು ಶಾಲೆಯ ಕಾಗದ ನೋಡಿ ಬರೆದದ್ದಾಗಿರಬಹುದು. ಆದ್ದರಿಂದ ಹುಟ್ಟಿದ ದಿನ, ನೋಂದಣಿಯ ದಿನ ಎರಡನ್ನೂ ಓದಿ. ಎರಡರ ನಡುವಿನ ಅಂತರ ಕಡಿಮೆಯಿದ್ದಷ್ಟೂ ನಂಬಿಕೆ ಹೆಚ್ಚು.

ಇನ್ನು ಹುಡುಕಲು ಹೋಗುವುದು ಎಲ್ಲಿಗೆ? ಈಚಿನ ವರ್ಷಗಳದ್ದು ಜನನ ಮರಣ ನೋಂದಣಿಯ ಸರ್ಕಾರಿ ಜಾಲತಾಣ ಇ-ಜನ್ಮದಲ್ಲಿದೆ, ನಾಡಕಚೇರಿಯಲ್ಲಿ ವಿಚಾರಿಸಿ. ಪಟ್ಟಣದಲ್ಲಿ ಹುಟ್ಟಿದವರದ್ದು ನಗರಸಭೆ, ಪುರಸಭೆಯಲ್ಲಿ. ಹಳ್ಳಿಯ ಹಳೆಯ ಪುಸ್ತಕಗಳು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿರುತ್ತವೆ. ಒಂದು ವರ್ಷ ಮಾತ್ರ ಕೇಳಬೇಡಿ, ಹಿಂದೆರಡು ಮುಂದೆರಡು ವರ್ಷ ಸೇರಿಸಿ ಅರ್ಜಿ ಕೊಡಿ. ಹಾಳೆ ಒಣಗಿ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ನೀವೇ ತಿರುವಲು ಹೋಗಬೇಡಿ. ಅಲ್ಲಿಯ ಸಿಬ್ಬಂದಿಗೆ ಅದರ ಕೈ ಪಳಗಿರುತ್ತದೆ. ಮಳೆ ಜೋರಿರುವ ನಮ್ಮಂಥ ಜಿಲ್ಲೆಯಲ್ಲಿ ಇಷ್ಟಾದರೂ ಉಳಿದಿದೆಯಲ್ಲ, ಅದನ್ನು ಉಳಿಸಿದವರ ಬಗ್ಗೆ ನನಗೆ ಬಹಳ ಗೌರವವಿದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಹಿರಿಯ ಅಕ್ಕನೊಬ್ಬರು ಕೇಳಿದರು: ‘ನಮ್ಮ ಅತ್ತೆಯ ಅಕ್ಕತಂಗಿಯರ ಹೆಸರು ಜನನ ದಾಖಲೆಯಲ್ಲಿ ಸಿಗಲೇ ಇಲ್ಲ. ಬೇರೆ ದಾರಿ ಇದೆಯಾ?’

ಇದೆ ಅಕ್ಕ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಹುಡುಕಿಸಿ. ಅಪ್ಪನ ಆಸ್ತಿಯಲ್ಲಿ ತಮಗೆ ಪಾಲು ಬೇಡ ಎಂದು ಅಣ್ಣತಮ್ಮಂದಿರಿಗೆ ಹೆಣ್ಣುಮಕ್ಕಳು ಬರೆದುಕೊಟ್ಟ ಪತ್ರ. ಅದರಲ್ಲಿ ಪ್ರತಿಯೊಬ್ಬಳ ಹೆಸರು, ಗಂಡನ ಹೆಸರು, ವಯಸ್ಸು, ಈಗಿರುವ ಊರು ಬರೆದಿರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಅದರಲ್ಲೂ 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಅವರ ಸಹಿ ಇಲ್ಲದೆ ಖಾತೆ ಬದಲಾಯಿಸುವುದು ಕಷ್ಟವಾಯಿತು. ಹಕ್ಕು ಬಿಟ್ಟುಕೊಡುವ ಹೊತ್ತಿನಲ್ಲಾದರೂ ಅವರ ಹೆಸರು ಸರ್ಕಾರದ ಪುಸ್ತಕಕ್ಕೆ ಬಂತು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ನಿಜ. ಆದರೆ ಅಕ್ಕತಂಗಿಯರನ್ನೆಲ್ಲ ಒಂದೇ ಹಾಳೆಯಲ್ಲಿ ನಿಲ್ಲಿಸುವ ಇಂಥ ಕಾಗದ ಇನ್ನೊಂದಿಲ್ಲ. ಸ್ಥಿರಾಸ್ತಿಯ ಪತ್ರಗಳ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹುಡುಕುವಾಗ ಅಣ್ಣತಮ್ಮಂದಿರ ಹೆಸರು, ಸರ್ವೆ ನಂಬರು ಕೊಡಿ.

ಇನ್ನೊಬ್ಬರು ಕೇಳಿದ್ದು: ‘ನಮ್ಮ ಅಮ್ಮನ ತವರು ಸೂಪಾ. ಊರೇ ಅಣೆಕಟ್ಟಿನ ನೀರಿನಲ್ಲಿ ಹೋಯಿತು. ಪುಸ್ತಕ ಎಲ್ಲಿ ಹುಡುಕುವುದು?’

ಊರು ಮುಳುಗಿದಾಗ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮೊದಲು ಅಲ್ಲಿಯ ತಹಶೀಲ್ದಾರ್ ಕಚೇರಿಯಲ್ಲಿ ಹಳೆಯ ಗ್ರಾಮದ ಹೆಸರನ್ನೇ ಬರೆದು ಅರ್ಜಿ ಕೊಡಿ, ಈಗಿನ ಪುನರ್ವಸತಿ ಊರಿನ ಹೆಸರು ಬೇಡ. ಅದರ ಜೊತೆಗೆ ಭೂಸ್ವಾಧೀನದ ಕಡತ ಕೇಳಿ. ಪರಿಹಾರ ಕೊಡುವಾಗ ಜಮೀನಿನ ಒಡೆಯ ತೀರಿಹೋಗಿದ್ದರೆ ವಾರಸುದಾರರು ಯಾರು ಯಾರು ಎಂದು ವಿಚಾರಣೆ ಮಾಡಿ ಬರೆದಿರುತ್ತಾರೆ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕಾರವಾರ, ಅಂಕೋಲಾದ ಕರಾವಳಿಯವರಿಗೂ ಇದೇ ದಾರಿ. ನಿಮ್ಮ ಅಮ್ಮನ ಅಪ್ಪನ ಹೆಸರು, ಗ್ರಾಮ, ಗೊತ್ತಿದ್ದರೆ ಸರ್ವೆ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಮ್ಮನ ಅಣ್ಣತಮ್ಮಂದಿರ ಮನೆಯಲ್ಲಿ ಪರಿಹಾರದ ನೋಟಿಸಿನ ಪ್ರತಿ ಯಾರಾದರೂ ಇಟ್ಟುಕೊಂಡಿರುತ್ತಾರೆ, ಅದನ್ನೂ ಕೇಳಿ. ಕಡತದ ನಂಬರು ಅದರ ಮೇಲೇ ಇರುತ್ತದೆ.